ಸೋಪಕ್ಕನ ಕೈತುತ್ತು

ಕಸಾಯಿಖಾನೆಯ ಬೋಟಿ ಕೋಣೆಯಲ್ಲಿ ಹದಿನಾಲ್ಕು ಹೆಂಗಸರು ಕೆಲಸ ಮಾಡುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಸೋಪಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ. ಮೇಸ್ತ್ರಿ ಕೂಡ ಸೋಪಕ್ಕ ಎಂದೇ ಕೂಗುತ್ತಿದ್ದ.

ಬೋಟಿ ಕೋಣೆ ಎಂದರೆ ಕರುಳಿನ ಕೆಲಸ. ಪಕ್ಕದ ಕೋಣೆಯಲ್ಲಿ ಗಂಡಸರು ಕುರಿಯನ್ನು ಕೊಕ್ಕೆಗೆ ತಗಲಿಸಿ, ಸೀಳಿ, ಒಳಗಿನದನ್ನೆಲ್ಲ ತಳ್ಳುಗಾಡಿಗೆ ಸುರಿದು ಈಚೆಗೆ ನೂಕುತ್ತಿದ್ದರು. ಹೆಂಗಸರು ಹೊಟ್ಟೆಯ ಚೀಲ ಕುಯ್ದು ಹೊಲಸು ಖಾಲಿ ಮಾಡಬೇಕು, ಕರುಳನ್ನು ಒಳಹೊರಗು ಮಾಡಿ ತೊಳೆಯಬೇಕು, ಲಿವರಿಗೆ ಅಂಟಿಕೊಂಡ ಪಿತ್ತದ ಚೀಲವನ್ನು ಒಡೆಯದ ಹಾಗೆ ಕಿತ್ತು ಬಿಸಾಡಬೇಕು. ಅದು ಒಡೆದರೆ ಹಸಿರು ರಸ ಹರಿದು ಲಿವರೆಲ್ಲ ಕಹಿ. ಇಪ್ಪತ್ತಾರು ವರ್ಷದಲ್ಲಿ ಸೋಪಕ್ಕ ಒಡೆದದ್ದು ಬೆರಳೆಣಿಕೆಯಷ್ಟು. ಅಷ್ಟು ಹದವಾದ ಕೈ ಅವಳದು.

ಆ ಕೋಣೆಯಲ್ಲಿ ಮೊದಲು ನಲ್ಲಿಯೇ ಇರಲಿಲ್ಲ. ಗೋಡೆಗೆ ಒತ್ತಿ ಕಟ್ಟಿದ ಸಿಮೆಂಟಿನ ತೊಟ್ಟಿ ಇತ್ತು. ಬೆಳಿಗ್ಗೆ ಟ್ಯಾಂಕರಿನವನು ಒಮ್ಮೆ ತುಂಬಿಸಿ ಹೋದರೆ ಆ ದಿನಕ್ಕೆ ಅಷ್ಟೇ. ಕರುಳು ತೊಳೆಯಲು ಅದೇ ನೀರು, ಚೂರಿ ತೊಳೆಯಲು ಅದೇ, ಊಟಕ್ಕೆ ಮುಂಚೆ ಕೈ ಅದ್ದಲೂ ಅದೇ. ಹತ್ತು ಗಂಟೆಯ ಹೊತ್ತಿಗೆ ನೀರಿನ ಬಣ್ಣ ತಿರುಗಿರುತ್ತಿತ್ತು. ಕಕ್ಕಸಿನ ಕಥೆ ಇನ್ನೂ ಚೆಂದ. ಗಂಡಸರಿಗೆ ಗೇಟಿನ ಹತ್ತಿರ ಒಂದಿತ್ತು. ಹೆಂಗಸರಿಗೆ ಚರ್ಮದ ಶೆಡ್ಡಿನ ಹಿಂದಿನ ಮುರುಕು ಗೋಡೆ, ತೊಟ್ಟಿಯಿಂದ ಮೊಗೆದ ಒಂದು ಡಬ್ಬ ನೀರು. ಇಬ್ಬಿಬ್ಬರಾಗಿ ಹೋಗುವುದು, ಒಬ್ಬಳು ಕಾವಲು ನಿಲ್ಲುವುದು. ಹೋಗಬೇಕಾದೀತು ಎಂದು ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಇರುವವರೇ ಹೆಚ್ಚು.

ನಾಲ್ಕು ವರ್ಷದ ಹಿಂದೆ ಸೋಪಕ್ಕ ಆ ಕೋಣೆಗೆ ತನ್ನ ತಂಗಿಯ ಮಗಳನ್ನು ಕರೆತಂದಳು. ಇಪ್ಪತ್ತು ತುಂಬಿದ ಹುಡುಗಿ. ನಿದ್ದೆಯಲ್ಲಿ ಬಿಟ್ಟರೆ ಬಾಯಿ ಮುಚ್ಚಿದವಳಲ್ಲ, ಅದಕ್ಕೇ ಮನೆಯಲ್ಲಿ ಗಿಲಕಿ ಎನ್ನುತ್ತಿದ್ದರು. ಸೋಪಕ್ಕನಿಗೆ ಮಕ್ಕಳಿರಲಿಲ್ಲ, ಗಂಡ ಹೋಗಿ ಬಹಳ ಕಾಲವಾಗಿತ್ತು. ತಂಗಿಯ ಗಂಡನೋ, ಮಗಳು ಅಂಬೆಗಾಲಿಡುವಾಗ ಮನೆಬಿಟ್ಟವನು ಆಮೇಲೆ ತಿರುಗಿ ನೋಡಿರಲಿಲ್ಲ. ಅಕ್ಕತಂಗಿ ಇಬ್ಬರೂ ಒಂದೇ ಕೋಣೆಯಲ್ಲಿ ಒಂದೇ ಒಲೆ ಹೂಡಿ, ತಮ್ಮಿಬ್ಬರ ನಡುವೆ ಆ ಒಂದು ಮಗುವನ್ನು ಬೆಳೆಸಿದ್ದರು. ತಂಗಿ ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. "ಅಮ್ಮ ಗುಂಡಿ ಹಾಕ್ತಾಳೆ, ದೊಡ್ಡಮ್ಮ ಹೊಟ್ಟೆ ಬಿಚ್ತಾಳೆ" ಎಂದು ಗಿಲಕಿ ಬೀದಿಯವರನ್ನೆಲ್ಲ ನಗಿಸುತ್ತಿದ್ದಳು. ಮಗಳನ್ನು ಆ ಹೊಲಸಿಗೆ ಕಳಿಸಲು ತಂಗಿಗೆ ಸುತರಾಂ ಮನಸ್ಸಿರಲಿಲ್ಲ. ನಾನಿದ್ದೇನಲ್ಲ, ನನ್ನ ಕಣ್ಣೆದುರಿಗೇ ಇರುತ್ತಾಳೆ ಎಂದು ಒಪ್ಪಿಸಿದವಳು ಅಕ್ಕ.

ಮಧ್ಯಾಹ್ನ ಕೋಣೆಯ ಹೊರಗಿನ ಮೆಟ್ಟಿಲ ಮೇಲೆ ಹದಿನಾಲ್ಕು ಡಬ್ಬಿಗಳು ಬಿಚ್ಚಿಕೊಳ್ಳುತ್ತಿದ್ದವು. ಒಬ್ಬಳದು ಚೆನ್ನಾಗಿದ್ದು ಇನ್ನೊಬ್ಬಳದು ಬರಿದಾಗಿದ್ದರೆ ಮುಜುಗರ ಎಂದು ಸೋಪಕ್ಕ ಎಲ್ಲವನ್ನೂ ಒಂದೇ ಬೋಗುಣಿಗೆ ಸುರಿದು, ಕೈಯಿಂದ ಕಲಸಿ, ಸುತ್ತ ಕೂತವರಿಗೆ ತುತ್ತು ಮಾಡಿ ಹಾಕುತ್ತಿದ್ದಳು. ಅವಳ ಕೈತುತ್ತು ತಿಂದರೆ ಸಂಜೆತನಕ ಹಸಿವಾಗುವುದಿಲ್ಲ ಎಂದು ಅವರೆಲ್ಲ ಹೇಳುತ್ತಿದ್ದರು. ಮೊದಲ ತುತ್ತು ಯಾವಾಗಲೂ ಗಿಲಕಿಗೆ.

ಕೆಲಸಕ್ಕೆ ಸೇರಿದ ಆರನೆಯ ತಿಂಗಳು ಗಿಲಕಿಗೆ ಜ್ವರ ಬಂತು. ಅದೇ ತಿಂಗಳು ಬೋಟಿ ಕೋಣೆಯಲ್ಲಿ ಇನ್ನಿಬ್ಬರು ಮಲಗಿದರು. ಒಬ್ಬಳು ಬೇಗ ಚೇತರಿಸಿಕೊಂಡಳು. ಇನ್ನೊಬ್ಬಳು ಉದ್ದಕ್ಕ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದವಳು. ಅವಳು ಎದ್ದು ಬಂದಾಗ ಎಡಗಿವಿ ಹೋಗಿತ್ತು. ಗಿಲಕಿಯ ಜ್ವರ ಮಾತ್ರ ಇಳಿಯಲಿಲ್ಲ. ಟೈಫಾಯ್ಡು ಎಂದರು. ಮೂರನೆಯ ವಾರ ದೊಡ್ಡಾಸ್ಪತ್ರೆಯಲ್ಲಿ, ಕರುಳಿನಲ್ಲಿ ತೂತು ಬಿದ್ದಿದೆ ಎಂದರು. ತಂಗಿಗೆ ಅದು ಅರ್ಥವಾಗದೆ ಅಕ್ಕನ ಮುಖ ನೋಡಿದಳು. ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತೂತಾದ ಕರುಳು ಹೇಗಿರುತ್ತದೆ, ಅದರಿಂದ ಏನು ಸೋರುತ್ತದೆ ಎಂಬುದನ್ನು ದಿನಾ ಕೈಯಲ್ಲಿ ಹಿಡಿದು ಬಲ್ಲವಳು. ಎರಡು ದಿನ ಕಳೆಯುವಷ್ಟರಲ್ಲಿ ಹುಡುಗಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಹನ್ನೆರಡನೆಯ ದಿನ ಸೋಪಕ್ಕ ಕೆಲಸಕ್ಕೆ ಹೋದಳು. ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿಕೊಂಡು ನೇರ ಮ್ಯಾನೇಜರ್ ಮೇಜಿನ ಮೇಲಿಟ್ಟಳು. ಇದು ನನ್ನ ಮಗುವನ್ನು ತಿಂದ ನೀರು, ನಮಗೆ ನಲ್ಲಿ ಬೇಕು, ಸೋಪು ಬೇಕು, ಕಕ್ಕಸು ಬೇಕು ಎಂದಳು. ನೋಡೋಣ ಎಂದ ಅವನು. ಮರುದಿನ ಮತ್ತೆ ಹೋದಳು. ಅದರ ಮರುದಿನವೂ. ಸೋಪು ಬೇಕು ಎಂಬ ಒಂದೇ ಮಾತು. ಇವಳು ಕೈತೊಳೆದುಕೊಂಡು ಮ್ಯಾನೇಜರ್ ಬೆನ್ನಿಗೆ ಬಿದ್ದಿದ್ದಾಳೆ ಎಂದು ಗಂಡಸರು ಆಡಿಕೊಂಡಾಗ, ಕೈ ತೊಳೆಯೋಕೆ ಸೋಪು ಕೊಡಲಿ, ಆಮೇಲೆ ಸರಿಯಾಗಿ ಬೀಳ್ತೀನಿ ಎಂದಿದ್ದಳಂತೆ. ಹೆಸರು ಹುಟ್ಟಿದ್ದು ಅವತ್ತು. ಕೊನೆಗೆ, ಗಿಲಕಿ ಹೋದ ಮೇಲೆ ಉಳಿದ ಹದಿಮೂರು ಹೆಂಗಸರೂ ಚೂರಿ ಕೆಳಗಿಟ್ಟು ಹನ್ನೊಂದು ದಿನ ಗೇಟಿನ ಮುಂದೆ ಕೂತರು. ಕರುಳು ರಾಶಿಬಿದ್ದು ಕೊಳೆತು ಊರೆಲ್ಲ ನಾರಿತು. ಆರೋಗ್ಯ ಇಲಾಖೆಯವರು ಬಂದು ಮೂಗು ಹಿಡಿದುಕೊಂಡು ನೋಡಿ ಹೋದರು. ಆಮೇಲೆ ನಾಲ್ಕು ನಲ್ಲಿ ಬಂತು, ಸೋಪು ಬಂತು, ಮೊಣಕಾಲುದ್ದದ ಬೂಟು ಬಂತು. ಕಕ್ಕಸಿಗೆ ಪಾಯ ತೋಡಿದರು. ತೋಡಿದ್ದು ತೋಡಿದ ಹಾಗೇ ಉಳಿಯಿತು. ವರ್ಷಕ್ಕೊಮ್ಮೆ ಎಲ್ಲರನ್ನೂ ಡಾಕ್ಟರಿಂದ ತಪಾಸಣೆ ಮಾಡಿಸಬೇಕು ಎಂಬುದನ್ನೂ ಸೋಪಕ್ಕನೇ ಕೇಳಿ ಬರೆಸಿದ್ದಳು.

ಆ ತಪಾಸಣೆ ನಿಜವಾಗಿ ನಡೆಯಲು ಇನ್ನೆರಡು ವರ್ಷ ಹಿಡಿಯಿತು. ಒಂದು ದಿನ ಆರೋಗ್ಯ ಕೇಂದ್ರದವರು ಬಂದು ರಕ್ತ ತೆಗೆದರು, ಎದೆ ನೋಡಿದರು, ಕೈಗೊಂದು ಪುಟ್ಟ ಡಬ್ಬಿ ಕೊಟ್ಟು ನಾಳೆ ಬೆಳಿಗ್ಗೆ ಮಲ ಹಾಕಿಕೊಂಡು ಬನ್ನಿ ಎಂದರು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷ ಕುರಿಯದನ್ನು ಖಾಲಿ ಮಾಡಿದ್ದಾಯ್ತು, ಈಗ ನಮ್ಮದಕ್ಕೂ ಗಿರಾಕಿ ಬಂದರು ಎಂದಳು ಉದ್ದಕ್ಕ.

ಹತ್ತು ದಿನದ ಮೇಲೆ ಸೋಪಕ್ಕನೊಬ್ಬಳಿಗೆ ಚೀಟಿ ಬಂತು. ಇನ್ನೊಮ್ಮೆ ಡಬ್ಬಿ ಕೊಟ್ಟರು, ಆಮೇಲೆ ಮತ್ತೊಮ್ಮೆ. ಯಂತ್ರ ಕೆಟ್ಟಿರಬೇಕು ಎಂದುಕೊಂಡು ಹೋಗಿ ಬರುತ್ತಿದ್ದಳು. ಮೂರನೆಯ ಸಲ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು ಬಾಗಿಲು ಹಾಕಿದರು. ಅವರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಮಾತು ಶುರು ಮಾಡುವುದಕ್ಕೇ ಕಷ್ಟಪಡುತ್ತಿದ್ದರು. ಹಿಂದೆ ಯಾವಾಗಾದರೂ ಟೈಫಾಯ್ಡ್ ಬಂದಿತ್ತೇ ಎಂದು ಕೇಳಿದರು. ಬಂದಿತ್ತು, ಹನ್ನೆರಡು ವರ್ಷದ ಹಿಂದೆ, ಇಪ್ಪತ್ತೆರಡು ದಿನ ಮಲಗಿದ್ದೆ, ಕೂದಲೆಲ್ಲ ಉದುರಿ ಮತ್ತೆ ಬಂತು ಎಂದಳು ಸೋಪಕ್ಕ.

ಜ್ವರ ಹೋಗಿದೆ, ಆದರೆ ರೋಗದ ಹುಳ ಹೋಗಿಲ್ಲ ಎಂದರು ಡಾಕ್ಟರಮ್ಮ. ಸಾವಿರದಲ್ಲಿ ಕೆಲವರಿಗೆ ಹೀಗಾಗುತ್ತದೆ. ಅವರಿಗೆ ಏನೂ ಆಗುವುದಿಲ್ಲ, ಗಟ್ಟಿಮುಟ್ಟಾಗಿರುತ್ತಾರೆ, ಹುಳ ಮಾತ್ರ ಪಿತ್ತಕೋಶದಲ್ಲಿ ಮನೆಮಾಡಿಕೊಂಡು ಮಲದಲ್ಲಿ ಹೊರಬೀಳುತ್ತಾ ಇರುತ್ತದೆ. ಕೈ ಸರಿಯಾಗಿ ತೊಳೆಯದಿದ್ದರೆ ಊಟದ ಮೂಲಕ ಬೇರೆಯವರಿಗೆ ಹೋಗುತ್ತದೆ.

ಪಿತ್ತದ ಚೀಲ ಎಲ್ಲಿರುತ್ತದೆ, ಎಷ್ಟು ದೊಡ್ಡದು, ಯಾವ ಬಣ್ಣ ಎಂಬುದು ಸೋಪಕ್ಕನಿಗೆ ಡಾಕ್ಟರಮ್ಮನಷ್ಟೇ ಗೊತ್ತಿತ್ತು. ಅವಳ ಬಲಗೈ ತಾನಾಗಿಯೇ ಪಕ್ಕೆಲುಬಿನ ಕೆಳಗೆ ಹೋಗಿ ನಿಂತಿತು. ಆಮೇಲೆ ಕೇಳಿದಳು.

"ಎರಡು ವರ್ಷದ ಹಿಂದೆ ನಮ್ಮ ಹುಡುಗಿ ಹೋದ್ಳು. ಅದು ನನ್ನಿಂದಲಾ?"

ನೀರೂ ಕೆಟ್ಟಿತ್ತಲ್ಲ, ಈಗ ಖಚಿತವಾಗಿ ಹೇಳುವುದಕ್ಕೆ ದಾರಿಯಿಲ್ಲ ಎಂದರು ಡಾಕ್ಟರಮ್ಮ. ಸೋಪಕ್ಕ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಆಗಿರಬಹುದು," ಎಂದರು ಅವರು ಕೊನೆಗೆ.

ನಾಲ್ಕು ವಾರದ ಮಾತ್ರೆ ಬರೆದುಕೊಟ್ಟರು. ಗುಣವಾಗುವತನಕ ಕೆಲಸಕ್ಕೆ ಹೋಗುವಂತಿಲ್ಲ, ಬೇರೆಯವರಿಗೆ ಅಡುಗೆ ಮಾಡುವಂತಿಲ್ಲ, ಬಡಿಸುವಂತಿಲ್ಲ. ಕಸಾಯಿಖಾನೆಗೂ ವರದಿ ಹೋಗುತ್ತದೆ, ಅದು ನಿಯಮ, ತಡೆಯುವುದು ನನ್ನ ಕೈಯಲ್ಲಿಲ್ಲ ಎಂದರು.

ಮನೆಗೆ ಬಂದ ಸೋಪಕ್ಕ ತಂಗಿಗೆ ಬಾಯಿಬಿಡಲಿಲ್ಲ. ಮೈಗೆ ಹುಷಾರಿಲ್ಲ, ಸ್ವಲ್ಪ ದಿನ ರಜೆ ಎಂದಳು. ಅಡುಗೆಯ ಕಡೆ ಹೋಗುವುದನ್ನು ಬಿಟ್ಟಳು. ತನ್ನ ತಟ್ಟೆ ಲೋಟ ಬೇರೆ ಮಾಡಿ ಮೂಲೆಗಿಟ್ಟಳು, ಹಲ್ಲುನೋವು, ವಾಸನೆ ಬರುತ್ತದೆ ಎಂದು ಏನೋ ಒಂದು ನೆಪ. ಬೀದಿಯ ಕಕ್ಕಸಿನಿಂದ ಬಂದರೆ ಒಂದು ಸಲ, ಬಾಗಿಲು ಮುಟ್ಟಿದರೆ ಒಂದು ಸಲ, ಬಿಂದಿಗೆ ಮುಟ್ಟುವುದಕ್ಕೆ ಮುಂಚೆ ಒಂದು ಸಲ ಕೈ ತೊಳೆಯುತ್ತಿದ್ದಳು. ಸೋಪು ಸಾಲದೆನಿಸಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಅದ್ದಿದಳು. ವಾರದೊಳಗೆ ಅಂಗೈ ಬಿರಿದು ಗೆರೆಗೆರೆಯಾಗಿ ರಕ್ತ ಒಸರಿತು. ಹೊರಗಿನ ಹೊಲಸಾಗಿದ್ದರೆ ಅವಳು ಹೆದರುವವಳಲ್ಲ. ಜೀವಮಾನವೆಲ್ಲ ತೊಳೆದವಳು. ಇದು ಎಲ್ಲಿ ತೊಳೆದರೂ ಸಿಗದ ಜಾಗದಲ್ಲಿತ್ತು.

ಹಗಲೆಲ್ಲ ಅವಳಿಗೆ ಲೆಕ್ಕಾಚಾರ. ಗಿಲಕಿ ಕೆಲಸಕ್ಕೆ ಸೇರಿದ ಮೇಲೆ ತಾನು ಗೋಡೆಯ ಹಿಂದಕ್ಕೆ ಯಾವ ಹೊತ್ತಿಗೆ ಹೋಗುತ್ತಿದ್ದೆ, ಊಟಕ್ಕೆ ಮುಂಚೆಯೋ ಆಮೇಲೋ, ಡಬ್ಬದ ನೀರಿನಲ್ಲಿ ಕೈ ತೊಳೆದು ಮತ್ತೆ ತೊಟ್ಟಿಯಲ್ಲಿ ಅದ್ದುತ್ತಿದ್ದೆನೋ ಇಲ್ಲವೋ. ಮನೆಯಲ್ಲಿ ಹತ್ತು ವರ್ಷ ಅದೇ ಕೈಯ ಅಡುಗೆ ಉಂಡ ತಂಗಿಗೆ ಏನೂ ಆಗಲಿಲ್ಲವಲ್ಲ ಎಂದು ಒಂದು ಗಳಿಗೆ ಆಸೆ ಹುಟ್ಟುವುದು. ಮನೆಯಲ್ಲಿ ಸೋಪಿತ್ತು ಎಂದು ನೆನಪಾದರೆ ಆ ಆಸೆಯೂ ಕುಸಿಯುವುದು. ತುತ್ತು ಬೇಡ ದೊಡ್ಡಮ್ಮ, ಹೊಟ್ಟೆ ತುಂಬಿದೆ ಎಂದು ಗಿಲಕಿ ತಲೆ ತಿರುಗಿಸಿದಾಗ ಗಲ್ಲ ಹಿಡಿದು ಬಾಯಿಗೆ ತುರುಕಿದ್ದೂ ನೆನಪಿಗೆ ಬಂತು. ಆಗ ಎದ್ದು ಮತ್ತೆ ಬಚ್ಚಲಿಗೆ ಹೋಗುತ್ತಿದ್ದಳು.

ಹದಿನೇಳನೆಯ ದಿನ ಮ್ಯಾನೇಜರ್ ಹೇಳಿಕಳಿಸಿದ. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. ವರದಿ ಮೇಜಿನ ಮೇಲಿತ್ತು. ಬಹಳ ವಿನಯದಿಂದ ಮಾತಾಡಿದ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಅಮ್ಮ, ಇದು ಯಾರಿಗೂ ತಿಳಿಯುವುದು ಬೇಡ ಎಂದ. ಕಕ್ಕಸು ಕಟ್ಟಿಸಲೇಬೇಕು ಎಂದು ಆರೋಗ್ಯ ಇಲಾಖೆಯಿಂದ ನೋಟೀಸು ಬಂದು ಕೂತಿದೆ, ಹಿಂದಿನ ಸಾವಿಗೆ ಇಲ್ಲಿನ ನೀರು, ಇಲ್ಲಿನ ವ್ಯವಸ್ಥೆ ಕಾರಣ ಎಂದು ಅದರಲ್ಲಿ ಬರೆದಿದ್ದಾರೆ, ಆದರೆ ಕಾರಣ ಬೇರೆಯೇ ಇತ್ತು ಎಂದು ಈಗ ನಮಗೆ ಗೊತ್ತಾಗಿದೆಯಲ್ಲ ಎಂದ. ಒಂದು ಕಾಗದ ಮುಂದೆ ಸರಿಸಿದ. ಜ್ವರ ಹರಡಿದ್ದು ನನ್ನಿಂದ, ಕಸಾಯಿಖಾನೆಯದು ಇದರಲ್ಲಿ ಏನೂ ತಪ್ಪಿಲ್ಲ ಎಂಬ ನಾಲ್ಕು ಸಾಲು. ಸೈನ್ ಹಾಕಿದರೆ ಕಾಗದ ಇಲಾಖೆಯ ಫೈಲಿನೊಳಗೆ ಹೋಗಿ ಕೂರುತ್ತದೆ, ಹೆಂಗಸರಿಗೆ ಗೊತ್ತಾಗುವುದಿಲ್ಲ, ನಿಮಗೆ ಗೇಟಿನಲ್ಲಿ ಕೂರುವ ಕೆಲಸ ಸಿಗುತ್ತದೆ. ಹಾಕದಿದ್ದರೆ ಕಾರಣ ಏನೆಂದು ನಾನೇ ಎಲ್ಲರನ್ನೂ ಕರೆದು ಹೇಳಬೇಕಾಗುತ್ತದೆ, ನಿಮ್ಮ ತಂಗಿಯನ್ನೂ ಕರೆಸಬೇಕಾಗುತ್ತದೆ ಎಂದ. ಎರಡು ದಿನ ಯೋಚನೆ ಮಾಡಿ ಬನ್ನಿ ಎಂದು ಎದ್ದು ನಿಂತ.

ಸೋಪಕ್ಕ ಕಾಗದವನ್ನು ಮಡಿಸಿಕೊಂಡು ಬಂದಳು. ದಾರಿಯಲ್ಲಿ ಎರಡು ಕಡೆ ಕೂತಳು. ಸೈನ್ ಹಾಕಿಬಿಟ್ಟರೆ ತಂಗಿ ಉಳಿಯುತ್ತಾಳೆ, ಮನೆ ಉಳಿಯುತ್ತದೆ. ಆದರೆ ಹನ್ನೊಂದು ದಿನ ಬಿಸಿಲಲ್ಲಿ ಕೂತ ಹದಿಮೂರು ಜನರಿಗೆ ಆ ಮುರುಕು ಗೋಡೆಯೇ ಗತಿ. ಗಟ್ಟಿ ಮನಸ್ಸು ಮಾಡಿದ್ದಳು ಎಂದು ಹೇಳುವ ಹಾಗಿಲ್ಲ. ಮನೆ ತಲುಪುವ ಹೊತ್ತಿಗೂ ಸೈನ್ ಹಾಕುವುದೇ ಸರಿ ಎಂದುಕೊಂಡಿದ್ದಳು.

ತಂಗಿ ಕಿಟಕಿಯ ಬೆಳಕಿಗೆ ಕೂತು ಗುಂಡಿ ಹೊಲಿಯುತ್ತಿದ್ದಳು. ಅಕ್ಕ ಒಳಗೆ ಬರುತ್ತಲೇ ಅಂಗಿಯನ್ನು ತೊಡೆಯ ಮೇಲಿಟ್ಟು, ಇಷ್ಟು ದಿನ ತಡೆದಿಟ್ಟುಕೊಂಡದ್ದನ್ನು ಹೇಳಿದಳು.

"ನಿನಗೆ ದೊಡ್ಡ ಕಾಯಿಲೆ ಏನೋ ಇದೆ. ನನಗೆ ಗೊತ್ತಾಗಲ್ವಾ? ತಟ್ಟೆ ಬೇರೆ ಮಾಡಿದ್ದೀಯ, ಮಾತ್ರೆ ಮುಚ್ಚಿಟ್ಟು ತಗೋತೀಯ. ಹೇಳಿಬಿಡು ಅಕ್ಕ. ಏನೇ ಇದ್ರೂ ನಾನು ನೋಡ್ಕೋತೀನಿ. ನಿನ್ನ ಬಿಟ್ಟು ನನಗೆ ಇನ್ಯಾರಿದ್ದಾರೆ?"

ಸೋಪಕ್ಕ ಗೋಡೆಗೆ ಒರಗಿ ಕೂತಳು. ಆ ಮಾತು ಕೇಳಿದ ಮೇಲೆ ಸುಳ್ಳು ಬರಲಿಲ್ಲ. ನನಗೇನೂ ಆಗಿಲ್ಲ, ನನಗೆ ಆಗದೇ ಇರುವುದೇ ಕಷ್ಟ ಎಂದು ಶುರು ಮಾಡಿ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಮ್ಯಾನೇಜರ್ ಕೊಟ್ಟ ಕಾಗದವನ್ನೂ ತೋರಿಸಿದಳು. ತಂಗಿ ನಡುವೆ ಬಾಯಿ ಹಾಕಲಿಲ್ಲ. ಬೀದಿಯಲ್ಲಿ ಯಾರೋ ಬಿಂದಿಗೆ ಇಟ್ಟ ಸದ್ದು, ನಲ್ಲಿಯ ಹತ್ತಿರದ ಜಗಳ, ಎಲ್ಲ ಕೇಳಿಸುತ್ತಿತ್ತು.

"ನೀನು ಅವಳಿಗೆ ತುತ್ತು ಕೊಡ್ತಿದ್ದೆ," ಎಂದಳು ತಂಗಿ.

"ಹೂಂ."

"ಆಸ್ಪತ್ರೆಯಲ್ಲೂ ನೀನೇ ಗಂಜಿ ಕುಡಿಸಿದ್ದು. ದೊಡ್ಡಮ್ಮನೇ ಬೇಕು ಅಂತ ಹಟ ಮಾಡಿದ್ಳು. ನನ್ನ ಕೈಯಿಂದ ಬೇಡ ಅಂದ್ಳು."

"ಹೂಂ."

"ನಿನ್ನಿಂದಲೇ ಅಂತ ಡಾಕ್ಟರು ಖಂಡಿತ ಹೇಳಿದ್ರಾ?"

"ಇಲ್ಲ. ಆಗಿರಬಹುದು ಅಂದ್ರು."

"ಹಾಗಿದ್ಮೇಲೆ ನನಗೆ ಯಾಕೆ ಹೇಳಿದೆ?"

ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳಬಾರದು ಅಂತ ಎಂದಳು ಸೋಪಕ್ಕ. ತಂಗಿ ತಲೆಯಾಡಿಸಿದಳು, ಒಪ್ಪಿಕೊಂಡ ಹಾಗಲ್ಲ, ಸುಮ್ಮನೆ. ಅಂಗಿ ಎತ್ತಿಕೊಂಡು ಒಂದು ಗುಂಡಿ ಪೂರ್ತಿ ಹೊಲಿದು ದಾರ ಕಚ್ಚಿ ಕಿತ್ತಳು.

"ಕರ್ಕೊಂಡು ಹೋಗಬೇಡ ಅಂತ ಅವತ್ತು ಕೈಮುಗಿದು ಕೇಳಿದ್ದೆ," ಎಂದಳು. ದನಿ ಏರಿರಲಿಲ್ಲ. "ನೀನು ಇವತ್ತು ಎಲ್ಲಾದ್ರೂ ಹೋಗಿರು. ಎಷ್ಟು ದಿನ ಅಂತ ಕೇಳಬೇಡ. ನನಗೆ ಗೊತ್ತಿಲ್ಲ."

ಸೋಪಕ್ಕ ಎರಡು ಜೊತೆ ಬಟ್ಟೆ, ತಟ್ಟೆ, ಲೋಟ, ಮಾತ್ರೆ ಚೀಲಕ್ಕೆ ಹಾಕಿಕೊಂಡಳು. ಹೇಳಿದ ಮೇಲಾದರೂ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಒಬ್ಬಳ ತಲೆಯ ಮೇಲಿದ್ದದ್ದು ಇಬ್ಬರ ತಲೆಯ ಮೇಲೆ ಬಂದಿತ್ತು, ಇವಳ ಪಾಲು ಮಾತ್ರ ಕಡಿಮೆಯಾಗಿರಲಿಲ್ಲ.

ಹೋಗಲು ಜಾಗವೆಂದರೆ ಉದ್ದಕ್ಕನ ಮನೆ ಒಂದೇ. ಉದ್ದಕ್ಕ ಆಗಷ್ಟೇ ಕೆಲಸ ಮುಗಿಸಿ ಬಂದು ಬೂಟು ತೊಳೆಯುತ್ತಿದ್ದಳು. ಸೋಪಕ್ಕ ಹೊಸ್ತಿಲಾಚೆಯೇ ನಿಂತು ಪಿಸುದನಿಯಲ್ಲಿ ಹೇಳಿದಳು. ಅವಳಿಗೆ ಕೇಳಿಸಲಿಲ್ಲ. ಆ ಕಿವಿ ಸತ್ತಿದೆಯಲ್ಲ ಮಾರಾಯ್ತಿ, ಈ ಕಡೆ ಬಂದು ಹೇಳು ಎಂದಳು. ಬಲಗಿವಿಯ ಕಡೆ ಹೋಗಿ, ಗಂಟಲು ಏರಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಆ ಕಿವಿ ಸತ್ತದ್ದು ಯಾವ ಜ್ವರದಲ್ಲಿ ಎಂಬುದೂ ಅದರಲ್ಲಿ ಸೇರಿತ್ತು.

ಉದ್ದಕ್ಕ ಬೂಟಿನೊಳಗಿನ ನೀರು ಚೆಲ್ಲಿ ಗೋಡೆಗೆ ಒರಗಿಸಿದಳು.

"ಅವಾಗ ಗೋಡೆ ಹಿಂದಕ್ಕೆ ಹೋಗಿ ಬಂದ್ರೆ ಕೈ ತೊಳೆಯೋಕೆ ನಿನಗೆ ಏನಿತ್ತು?"

"ಡಬ್ಬದ ನೀರು."

"ಸೋಪು?"

"ಎಲ್ಲಿತ್ತು?"

"ನನಗೂ ಇರಲಿಲ್ಲ. ಯಾರಿಗೂ ಇರಲಿಲ್ಲ. ಹುಳ ನಿನ್ನ ಹೊಟ್ಟೇಲಿತ್ತು ಸರಿ, ಅದನ್ನ ಬೋಗುಣಿ ತನಕ ನಡೆಸಿಕೊಂಡು ಬಂದವರು ಯಾರು? ಆ ಕಾಗದಕ್ಕೆ ಸೈನ್ ಹಾಕಬೇಡ." ಇನ್ನೊಂದು ಬೂಟು ಎತ್ತಿಕೊಂಡು ಮತ್ತೆ ಅಂದಳು, "ನಿನ್ನ ಮುಖ ನೋಡಿದ್ರೆ ಈಗ ನನಗೆ ಸಿಟ್ಟು ಬರ್ತಿದೆ. ಅದು ಬೇರೆ. ಸೈನ್ ಮಾತ್ರ ಹಾಕಬೇಡ."

ಒಳಗೆ ಕರೆಯಲಿಲ್ಲ. ಹಿತ್ತಲಿನ ಸೌದೆ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟಳು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಬರುವುದಕ್ಕೆ ಮುಂಚೆ ಸೋಪಕ್ಕ ಗೇಟಿನ ಹೊರಗೆ ನಿಂತು ಬೋಟಿ ಕೋಣೆಯವರಿಗೆಲ್ಲ ತಾನೇ ಹೇಳಿದಳು. ಕೆಲವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಬ್ಬಳು ತನ್ನ ಮಗುವಿಗೆ ಹೋದ ವರ್ಷ ಬಂದ ಜ್ವರ ಯಾವುದು ಎಂದು ಕೇಳಿದಳು. ಇಬ್ಬರು ಹೆಜ್ಜೆ ಹಿಂದಿಟ್ಟರು. ಒಬ್ಬಳು ತನಗೆ ಗೊತ್ತಿಲ್ಲದೆಯೇ ಬಾಯಿ ಒರೆಸಿಕೊಂಡಳು. ಇಷ್ಟು ವರ್ಷ ಅವಳ ಕೈ ತುತ್ತಿಗಾಗಿ ಮುಂದೆ ಬಂದು ಕೂತ ಬಾಯಿಗಳವು. ಸೋಪಕ್ಕ ತಲೆ ತಗ್ಗಿಸಿಕೊಂಡು ನಿಂತಳು. ಬೈದಿದ್ದರೂ ಚೆನ್ನಾಗಿರುತ್ತಿತ್ತು, ಯಾರೂ ಬೈಯಲಿಲ್ಲ. ಕಾಗದವನ್ನು ಉದ್ದಕ್ಕನ ಕೈಗೆ ಕೊಟ್ಟು ಅಲ್ಲಿಂದ ಹೊರಟಳು.

ಅವತ್ತು ಉದ್ದಕ್ಕ ಆ ಕಾಗದವನ್ನು ಡಾಕ್ಟರಮ್ಮನಿಗೆ ತಲುಪಿಸಿದಳು. ರೋಗ ಹೊತ್ತ ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ, ತಮಗೇ ಗೊತ್ತಿಲ್ಲದೆ ಇರುತ್ತಾರೆ, ಕಕ್ಕಸು, ನೀರು, ಸೋಪು ಕೆಲಸದ ಜಾಗದಲ್ಲೇ ಇರಬೇಕು ಎನ್ನುವುದು ಈ ಕಾರಣಕ್ಕೇ ಎಂದು ಡಾಕ್ಟರಮ್ಮ ಇಲಾಖೆಗೆ ಬರೆದರು. ಮ್ಯಾನೇಜರ್ ಸೋಪಕ್ಕನ ವರದಿಯ ಪ್ರತಿಯನ್ನು ಗೇಟಿನ ಹಲಗೆಗೆ ಅಂಟಿಸಿದ. ಹೆಂಗಸರು ಅದನ್ನು ಓದಿ ಒಳಗೆ ಹೋಗಿ, ಚೂರಿ ಹಿಡಿಯದೆ ಕೂತರು. ಈ ಸಲ ನಾಲ್ಕು ದಿನಕ್ಕೇ ಮ್ಯಾನೇಜರ್ ಕಕ್ಕಸಿಗೆ ಒಪ್ಪಿದ. ಐದು ತಿಂಗಳಲ್ಲಿ ಎರಡು ಬಾಗಿಲಿನ ಕಕ್ಕಸು ಎದ್ದಿತು, ಒಳಗೊಂದು ಹೊರಗೊಂದು ನಲ್ಲಿ. ಸೋಪಕ್ಕ ಅದನ್ನು ನೋಡಿಲ್ಲ. ಅವಳ ಹೆಸರನ್ನು ಅಷ್ಟರಲ್ಲಿ ಹಾಜರಿ ಪುಸ್ತಕದಿಂದ ತೆಗೆದಿದ್ದರು. ಮಧ್ಯಾಹ್ನ ಮೆಟ್ಟಿಲ ಮೇಲೆ ಈಗ ಅವರವರ ಡಬ್ಬಿ ಅವರವರೇ ಉಣ್ಣುತ್ತಾರೆ ಎಂದು ಉದ್ದಕ್ಕ ಹೇಳಿದಳು.

ಮಾತ್ರೆಗಳು ಕೆಲಸ ಮಾಡಲಿಲ್ಲ. ಪಿತ್ತಕೋಶದಲ್ಲಿ ಕಲ್ಲಿದೆ, ಕಲ್ಲಿನೊಳಗೆ ಹುಳ ಅಡಗಿದೆ, ಅದನ್ನು ಇಡಿಯಾಗಿ ತೆಗೆಯಬೇಕು ಎಂದರು. ಸೋಪಕ್ಕ ನಾಳೆಯೇ ತೆಗೆಯಿರಿ ಎಂದಳು. ದೊಡ್ಡಾಸ್ಪತ್ರೆಯಲ್ಲಿ ಸರದಿ ಬರಲು ಏಳು ತಿಂಗಳು ಕಾಯಬೇಕಾಯಿತು. ಅಷ್ಟು ದಿನವೂ ಸೌದೆ ಕೋಣೆಯಲ್ಲೇ ಇದ್ದು, ಹಳೆ ಬಟ್ಟೆ, ಕಾಗದ ಬೇರ್ಪಡಿಸುವ ಗೋದಾಮಿನಲ್ಲಿ ದುಡಿದಳು. ಬಾಯಿಗೆ ಹೋಗುವ ಯಾವುದನ್ನೂ ಮುಟ್ಟದ ಕೆಲಸ ಅದೊಂದೇ ಸಿಕ್ಕಿದ್ದು. ಗಾಯವಾದ ಕೈಗೆ ಧೂಳು ಕೂತು ಉರಿಯುತ್ತಿತ್ತು.

ಆಪರೇಷನ್ನಿಗೆ ಹತ್ತಿರದ ಸಂಬಂಧಿಕರ ಸಹಿ ಬೇಕೆಂದರು. ಉದ್ದಕ್ಕ ಹೋಗಿ ತಂಗಿಗೆ ಹೇಳಿ ಬಂದಳು. ತಂಗಿ ಬಂದಳು. ಬಹಳ ಸೊರಗಿದ್ದಳು. ಕಾಗದದಲ್ಲಿ ಸಂಬಂಧ ಎಂಬ ಜಾಗದಲ್ಲಿ ತಂಗಿ ಎಂದು ಬರೆದು, ಸಹಿ ಹಾಕಿ, ಹಾಸಿಗೆಯ ಹತ್ತಿರ ಬರದೆ ಹಾಗೇ ಹೋದಳು.

ಎಚ್ಚರವಾದ ಮೇಲೆ ಸೋಪಕ್ಕ ತೆಗೆದದ್ದನ್ನು ತೋರಿಸಿ ಎಂದು ಕೇಳಿದಳು. ನರ್ಸಮ್ಮ ಮೊದಲು ಒಪ್ಪಲಿಲ್ಲ. ಆಮೇಲೆ ಬಟ್ಟಲಿನಲ್ಲಿ ತಂದು ತೋರಿಸಿದಳು. ಬಾಡಿದ, ಹೆಬ್ಬೆರಳಿನಷ್ಟು ದೊಡ್ಡ ಚೀಲ, ಹೊರಗಿನಿಂದಲೇ ಉಬ್ಬಿ ಕಾಣುವ ಆರು ಕಲ್ಲು. ಒಡೆಯದ ಹಾಗೆ ತೆಗೆದಿದ್ದಾರೆ ಎಂದಳು ಸೋಪಕ್ಕ. ಅವಳು ಯಾಕೆ ಹಾಗೆ ಹೇಳಿದಳೆಂದು ನರ್ಸಮ್ಮನಿಗೆ ತಿಳಿಯಲಿಲ್ಲ.

ಆಮೇಲೆ ತಿಂಗಳಿಗೊಂದರಂತೆ ಮೂರು ಪರೀಕ್ಷೆ ಮಾಡಿದರು. ಮೂರರಲ್ಲೂ ಏನೂ ಸಿಗಲಿಲ್ಲ. ಇನ್ನು ನೀವು ಯಾರಿಗೆ ಬೇಕಾದರೂ ಅಡುಗೆ ಮಾಡಿ ಹಾಕಬಹುದು ಎಂದು ಡಾಕ್ಟರಮ್ಮ ಸಂತೋಷದಿಂದ ಹೇಳಿದರು. ಯಾರಿಗೆ ಎಂದು ಸೋಪಕ್ಕ ಕೇಳಲಿಲ್ಲ.

ಮೂರೂ ಕಾಗದ ಹಿಡಿದುಕೊಂಡು ತಂಗಿಯ ಮನೆಗೆ ಹೋದಳು. ತಂಗಿ ಬಾಗಿಲು ತೆರೆದಳು. ಕಾಗದಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮಡಿಸಿ, ವಾಪಸು ಕೊಟ್ಟಳು. ಕೂತ್ಕೋ ಎಂದಳು. ಸೋಪಕ್ಕ ಕೂತಳು. ಗಾಯ ಇನ್ನೂ ನೋಯುತ್ತದೆಯೇ ಎಂದು ಕೇಳಿದಳು ತಂಗಿ, ಬಗ್ಗಿದರೆ ಎಳೆಯುತ್ತದೆ ಎಂದಳು ಅಕ್ಕ.

"ಬರೋದಾದ್ರೆ ಬಾ," ಎಂದಳು ತಂಗಿ. "ವಾರಕ್ಕೊಂದ್ಸಲ ಬಾ. ಆದ್ರೆ ಅವಳ ಮಾತು ಎತ್ತಬೇಡ. ನನ್ನ ಮುಂದೆ ಅವಳ ಹೆಸರು ಹೇಳಬೇಡ. ಅದೊಂದು ನನಗೆ ಆಗಲ್ಲ."

ಸೋಪಕ್ಕ ಆಗಲಿ ಎಂದಳು. ಅವತ್ತಿನಿಂದ ವಾರಕ್ಕೊಮ್ಮೆ ಹೋಗುತ್ತಾಳೆ. ಬೀದಿ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬಂತು, ಗುಂಡಿಯ ದಾರ ಎಷ್ಟು ಕಳಪೆ, ಪಕ್ಕದ ಮನೆಯವರು ಯಾಕೆ ಖಾಲಿ ಮಾಡಿದರು, ಇಂಥದ್ದೇ ಮಾತು. ಗಿಲಕಿ ಎರಡು ವರ್ಷದವಳಿದ್ದಾಗ ಏನು ಅಂದಳು, ಏಳು ವರ್ಷದವಳಿದ್ದಾಗ ಏನು ಮಾಡಿದಳು ಎಂಬುದು ಗೊತ್ತಿರುವ ಜೀವಗಳು ಈ ಲೋಕದಲ್ಲಿ ಎರಡೇ. ಆ ಎರಡೂ ಎದುರುಬದುರು ಕೂತು ಬೇರೆ ಮಾತಾಡುತ್ತವೆ. ಗಂಟೆ ಕಳೆದ ಮೇಲೆ ಸೋಪಕ್ಕ ಹೊರಡುತ್ತೇನೆ ಎನ್ನುತ್ತಾಳೆ. ಹೂಂ ಎನ್ನುತ್ತಾಳೆ ತಂಗಿ.